ಕೆರೆಯ ಕೋಡಿಯೂ ಗಣಕದ ಪಾಠವೂ

ಬೆಂಗಳೂರಿನ ಉತ್ತರ ಭಾಗದಲ್ಲಿ, ಯಲಹಂಕಕ್ಕೆ ಸಮೀಪದಲ್ಲಿರುವ ಅಲ್ಲಾಳಸಂದ್ರದ ಹೆಸರಿನಲ್ಲಿಯೇ ಒಂದು ಕೆರೆ ಅಡಗಿದೆ. ನಮ್ಮ ಹಿರಿಯರು ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುತ್ತಿದ್ದರು. ಆ ‘ಸಮುದ್ರ’ವೇ ಜನರ ಬಾಯಲ್ಲಿ ಸವೆದು ‘ಸಂದ್ರ’ವಾಯಿತು. ನಮ್ಮ ನಾಡಿನ ಕೆರೆಗಳಿಗೆ ಏರಿ, ತೂಬು, ಕೋಡಿ ಎಂಬ ಮೂರು ಮುಖ್ಯ ಅಂಗಗಳುಂಟು. ಏರಿಯು ನೀರನ್ನು ತಡೆಯುತ್ತದೆ. ತೂಬು ಬೇಕಾದಾಗ ನೀರನ್ನು ಬಿಡುತ್ತದೆ. ಕೋಡಿಯಾದರೋ ಯಾರ ಅಪ್ಪಣೆಗೂ ಕಾಯದೆ, ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆಯೇ ಹೆಚ್ಚಿನದನ್ನು ಹೊರಕ್ಕೆ ಹರಿಸುತ್ತದೆ. ‘ಮಟ್ಟ ಮೀರಿದರೆ ಹರಿಸು, ಮೀರದಿದ್ದರೆ ನಿಲ್ಲಿಸು’ ಎಂಬ ಆಜ್ಞೆಯನ್ನು ಹಿಂದಿನವರು ಕಲ್ಲಿನಲ್ಲಿಯೇ ಕಟ್ಟಿಟ್ಟಿದ್ದಾರೆ. ಇಂದು ಶಾಲೆಯ ಮಕ್ಕಳಿಗೆ ‘ಕೋಡಿಂಗ್’ ಎಂಬ ಹೆಸರಿನಿಂದ ಕಲಿಸುವ ವಿದ್ಯೆಯ ಬೀಜವೂ ಇದೇ ಆಗಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಹಂತದಿಂದಲೇ, ಎಂದರೆ ಆರನೆಯ ತರಗತಿಯಿಂದಲೇ, ಮಕ್ಕಳಿಗೆ ಕೋಡಿಂಗಿನ ಪರಿಚಯವಾಗಬೇಕೆಂದು ಹೇಳಿದೆ. ಅದಕ್ಕೂ ಮೊದಲು, 2016ರಲ್ಲಿ, ನೀತಿ ಆಯೋಗವು ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯನ್ನು ಕೈಗೊಂಡು, ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿಗಳವರೆಗೆ ಧನಸಹಾಯವನ್ನು ಒದಗಿಸಿತು. ಆದರೆ ಉಪಕರಣ ಬಂದ ಮಾತ್ರಕ್ಕೆ ಪಾಠ ಬಂದಂತಾಗುವುದಿಲ್ಲ. ನಾವು ಒಮ್ಮೆ ಭೇಟಿಯಿತ್ತ ಶಾಲೆಯೊಂದರಲ್ಲಿ ಪೆಟ್ಟಿಗೆಗಳೆಲ್ಲವೂ ಬೀರುವಿನೊಳಗೆ ಭದ್ರವಾಗಿದ್ದವು. ಮಕ್ಕಳು ಮುಟ್ಟಿದರೆ ಕೆಟ್ಟುಹೋದೀತೆಂಬ ಭಯದಿಂದ ಬೀಗದ ಕೈ ಹೊರಗೆ ಬಂದೇ ಇರಲಿಲ್ಲ. ಹಾಗಾದರೆ ಯಾವ ಸಾಮಗ್ರಿಯಿಂದ, ಯಾವ ಕ್ರಮದಲ್ಲಿ ಕಲಿಸಬೇಕು? ಕೋಡಿಯನ್ನೇ ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿಚಾರಿಸೋಣ.

ಮೊದಲನೆಯ ಹಂತಕ್ಕೆ ಒಂದು ಬಕೆಟ್ಟು, ಒಂದು ಅಳತೆಪಟ್ಟಿ, ಒಂದು ಗಂಟೆ, ಸ್ವಲ್ಪ ಸೀಮೆಸುಣ್ಣ ಸಾಕು. ಬಕೆಟ್ಟಿಗೆ ನಿಧಾನವಾಗಿ ನೀರು ಸುರಿಯಲಿ. ಒಬ್ಬ ವಿದ್ಯಾರ್ಥಿಯು ಹಲಗೆಯ ಮೇಲೆ ಆಜ್ಞೆಯನ್ನು ಬರೆಯಲಿ. ಇನ್ನೊಬ್ಬನು ಯಂತ್ರದಂತೆ, ಬರೆದುದನ್ನು ಮಾತ್ರವೇ ನಡೆಸಲಿ. ‘ನೀರು ಹೆಚ್ಚಾದರೆ ಗಂಟೆ ಬಾರಿಸು’ ಎಂದು ಬರೆದರೆ ‘ಯಂತ್ರ’ವು ತಬ್ಬಿಬ್ಬಾಗುತ್ತದೆ. ಹೆಚ್ಚು ಎಂದರೆ ಎಷ್ಟು? ಎಷ್ಟು ಹೊತ್ತಿಗೊಮ್ಮೆ ನೋಡಬೇಕು? ಗಂಟೆಯನ್ನು ಯಾವಾಗ ನಿಲ್ಲಿಸಬೇಕು? ತಿದ್ದಿ ತಿದ್ದಿ ಕೊನೆಗೆ, ‘ಪ್ರತಿ ನಿಮಿಷಕ್ಕೊಮ್ಮೆ ಅಳೆ, ಮಟ್ಟವು 20 ಸೆಂಟಿಮೀಟರನ್ನು ಮುಟ್ಟಿದ್ದರೆ ಬಾರಿಸು, ಇಲ್ಲದಿದ್ದರೆ ಸುಮ್ಮನಿರು, ಮತ್ತೆ ಮೊದಲಿನಿಂದ ಮಾಡು’ ಎಂಬಲ್ಲಿಗೆ ಮಕ್ಕಳು ತಲುಪುತ್ತಾರೆ. ಅಳತೆ, ನಿರ್ಣಯ, ಪುನರಾವೃತ್ತಿ ಎಂಬ ಮೂರು ತತ್ತ್ವಗಳೂ ಗಣಕಯಂತ್ರದ ನೆರವಿಲ್ಲದೆ, ಅಚ್ಚ ಕನ್ನಡದಲ್ಲಿಯೇ ಮನವರಿಕೆಯಾದುವಷ್ಟೆ! ನ್ಯೂಜಿಲೆಂಡಿನಲ್ಲಿ ಬೆಳೆದ ‘ಸಿ.ಎಸ್. ಅನ್‌ಪ್ಲಗ್ಡ್’ ಎಂಬ ಪಾಠಮಾಲೆಯೂ ಗಣಕವಿಲ್ಲದೆಯೇ ಗಣಕಶಾಸ್ತ್ರವನ್ನು ಕಲಿಸುತ್ತದೆ.

ಎರಡನೆಯ ಹಂತದಲ್ಲಿ ಇದೇ ಆಜ್ಞೆಯನ್ನು ಗಣಕದ ತೆರೆಯ ಮೇಲೆ ಜೋಡಿಸಬೇಕು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಿಂದ 2007ರಲ್ಲಿ ಹೊರಬಂದ ಸ್ಕ್ರಾಚ್ ಎಂಬ ಉಚಿತ ಸಾಧನದಲ್ಲಿ ಅಕ್ಷರಗಳನ್ನು ಟೈಪು ಮಾಡುವ ತೊಡಕಿಲ್ಲ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸೇರಿಸಿದರಾಯಿತು. ಹಲಗೆಯ ಮೇಲಿನ ಒಂದೊಂದು ಸಾಲಿಗೂ ತೆರೆಯ ಮೇಲೆ ಒಂದೊಂದು ತುಂಡನ್ನು ಮಕ್ಕಳೇ ಹುಡುಕಿ ಹೊಂದಿಸಲಿ.

ಮೂರನೆಯ ಹಂತದಲ್ಲಿ ಮಾತ್ರ ನಿಜವಾದ ಯಂತ್ರವು ಬರಬೇಕು. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು 2016ರಲ್ಲಿ ಆ ದೇಶದ ಸುಮಾರು 10 ಲಕ್ಷ ಮಕ್ಕಳಿಗೆ ಹಂಚಿದ ಮೈಕ್ರೋಬಿಟ್ ಎಂಬ ಅಂಗೈಗಿಂತ ಚಿಕ್ಕದಾದ ಗಣಕವು ಇದಕ್ಕೆ ಅನುಕೂಲವಾದುದು. ಎರಡು ಸಣ್ಣ ಬ್ಯಾಟರಿಗಳಿಂದಲೇ ನಡೆಯುವುದರಿಂದ ಮಕ್ಕಳ ಕೈಗೆ ಕೊಡಲು ಭಯವಿಲ್ಲ. ಬಕೆಟ್ಟಿನ ತಳದಲ್ಲಿ ಒಂದು ತಾಮ್ರದ ತಂತಿ, 20 ಸೆಂಟಿಮೀಟರ್ ಎತ್ತರದಲ್ಲಿ ಇನ್ನೊಂದು. ಲವಣಗಳು ಕರಗಿರುವ ಕೆರೆನೀರು ಅಲ್ಪಸ್ವಲ್ಪ ವಿದ್ಯುತ್ತನ್ನು ಹಾಯಿಸುತ್ತದೆ. ಆದುದರಿಂದ ನೀರು ಮೇಲಿನ ತಂತಿಯನ್ನು ಮುಟ್ಟಿದೊಡನೆ, 0ಯಿಂದ 1023ರವರೆಗಿನ ಮಾಪನದಲ್ಲಿ ಗಣಕವು ತೋರಿಸುವ ಸಂಖ್ಯೆ ಮೇಲೇರುತ್ತದೆ. ಯಾವ ಸಂಖ್ಯೆಯನ್ನು ಗಡಿಯೆಂದು ಇಡಬೇಕೆಂಬುದನ್ನು ಪುಸ್ತಕವು ಹೇಳಲಾರದು. ಮಕ್ಕಳೇ ಅಳೆದು ಕಂಡುಕೊಳ್ಳಬೇಕು.

ಇಲ್ಲಿಯೇ ಎಂಜಿನಿಯರಿಂಗಿನ ನಿಜವಾದ ಪಾಠವು ಆರಂಭವಾಗುತ್ತದೆ. ಯಂತ್ರವು ಎರಡು ಬಗೆಯಲ್ಲಿ ಎಡವುತ್ತದೆ. ನೀರು ಸ್ವಲ್ಪ ಅಲುಗಿದರೂ ಅಲೆಯು ಮೇಲಿನ ತಂತಿಯನ್ನು ಮುಟ್ಟಿಬಿಡುವುದರಿಂದ ಗಂಟೆಯು ಕ್ಷಣಕ್ಕೊಮ್ಮೆ ಬಾರಿಸಿ ನಿಲ್ಲುತ್ತದೆ. ಇದಕ್ಕೆ ಪರಿಹಾರವೆಂದರೆ 18 ಸೆಂಟಿಮೀಟರಿನಲ್ಲಿ ಮೂರನೆಯ ತಂತಿಯನ್ನು ಇಟ್ಟು, ‘ಮೇಲಿನದು ನೆನೆದರೆ ಆರಂಭಿಸು, ಕೆಳಗಿನದು ನೀರಿನಿಂದ ಹೊರಬರುವವರೆಗೆ ನಿಲ್ಲಿಸಬೇಡ’ ಎಂದು ಬರೆಯುವುದು. ಮನೆಯ ಮೇಲಿನ ತೊಟ್ಟಿಗೆ ನೀರೇರಿಸುವ ಸ್ವಯಂಚಾಲಿತ ಮೋಟಾರು ನಡೆಯುವುದೂ ಹೀಗೆಯೇ. ಎರಡನೆಯದು, ಕೆಲವು ದಿನಗಳಲ್ಲಿ ತಂತಿಯೊಂದು ಹಸಿರುಗಟ್ಟಿ ಸವೆಯುವುದು. ಒಂದೇ ದಿಕ್ಕಿನಲ್ಲಿ ಸದಾ ಹರಿಯುವ ವಿದ್ಯುತ್ತು ಧನಧ್ರುವದ ತಾಮ್ರವನ್ನು ನೀರಿಗಿಳಿಸುತ್ತದೆ. ಅಳೆಯುವ ಕ್ಷಣದಲ್ಲಿ ಮಾತ್ರ ವಿದ್ಯುತ್ತನ್ನು ಹರಿಸಿದರೆ ಈ ಸವೆತವು ಬಹುವಾಗಿ ತಗ್ಗುತ್ತದೆ. ಒಂದು ದೋಷವನ್ನು ತಿದ್ದಲು ಭೌತಶಾಸ್ತ್ರ, ರಸಾಯನಶಾಸ್ತ್ರ, ಕೋಡಿಂಗ್ ಮೂರೂ ಒಂದೇ ಮೇಜಿನ ಬಳಿ ಸೇರಿದುದನ್ನು ವಾಚಕರು ಗಮನಿಸಬೇಕು.

ಇದು ಕೇವಲ ಆಟವಲ್ಲ. 2021ರ ನವೆಂಬರಿನ ಮಳೆಯಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯವೂ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಜಲಾವೃತವಾದುವು. 2024ರ ಅಕ್ಟೋಬರಿನಲ್ಲಿ ಕೇಂದ್ರೀಯ ವಿಹಾರದಲ್ಲಿ ಮತ್ತೆ ದೋಣಿಗಳು ಓಡಾಡಿದುವು. ಬಕೆಟ್ಟಿನ ಗಂಟೆಯು ನೆರೆಯನ್ನು ತಡೆಯಲಾರದು. ಕೋಡಿಯಿಂದ ಹೊರಟ ನೀರಿಗೆ ರಾಜಕಾಲುವೆಯಲ್ಲಿ ದಾರಿಯಿಲ್ಲದಿದ್ದರೆ ಯಾವ ಆಜ್ಞೆಯೂ ನಡೆಯದು. ಇದನ್ನು ಅರಿಯುವುದೂ ಪಾಠದ ಒಂದು ಭಾಗವೇ. ತನ್ನ ಊರಿನ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಕಲಿತ ಮಗುವು ಮುಂದೆ ಕಾಲುವೆಯನ್ನು ಮುಚ್ಚಿ ಮನೆ ಕಟ್ಟುವ ಮುನ್ನ ಒಂದು ಗಳಿಗೆ ಯೋಚಿಸೀತು.

ಆದಕಾರಣ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಪೆಟ್ಟಿಗೆ ಬರಲೆಂದು ಕಾಯಬೇಡಿರಿ, ಬಂದ ಪೆಟ್ಟಿಗೆಗೆ ಬೀಗ ಹಾಕಬೇಡಿರಿ. ತಂತಿಯೊಂದು ಸವೆದರೆ ಇನ್ನೊಂದನ್ನು ತರಬಹುದು. ಅದು ಏಕೆ ಸವೆಯಿತೆಂದು ಕೇಳುವ ವಯಸ್ಸು ಕಳೆದುಹೋದರೆ ಮರಳಿ ಬಾರದು. ನಾಳೆಯ ಪಾಠಕ್ಕೆ ಬಕೆಟ್ಟೊಂದೇ ಸಾಕು.