ಮುಪ್ಪಿನ ಮೂತ್ರಬಾಧೆ: ಕಷಾಯಕ್ಕೂ ಮಾತ್ರೆಗೂ ಮುನ್ನ ಅಳತೆ

ಐವತ್ತು ದಾಟಿದ ಗಂಡಸರಲ್ಲಿ ಮೂತ್ರ ಹೊರಡಲು ತಡವಾದರೆ, ಧಾರೆ ಸಣ್ಣಗಾದರೆ, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗಿ ಬಂದರೆ ಅದನ್ನು ಉಷ್ಣದ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಕೊಪ್ಪಳ ಸೀಮೆಯಲ್ಲಿ ರೂಢಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಈ ಬಯಲಿನಲ್ಲಿ, ಅದರಲ್ಲೂ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರಿರುವ ಗಿಣಿಗೇರಾದಂಥ ಊರಿನಲ್ಲಿ, ಈ ಊಹೆ ಅಸಹಜವೇನಲ್ಲ. ಆದರೆ ಬಿಸಿಲಿಗೆ ಮೂತ್ರ ಕಡಿಮೆಯಾಗಿ ಉರಿಯಬಹುದೇ ಹೊರತು, ಧಾರೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಹೋಗುವುದಕ್ಕೆ ಕಾರಣ ಬೇರೆ ಇರುತ್ತದೆ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿರುವ ಪ್ರಾಸ್ಟೇಟ್ ಗ್ರಂಥಿಯು ಪ್ರಾಯದಲ್ಲಿ ಸುಮಾರು 20 ಗ್ರಾಂ ತೂಗುತ್ತದೆ. ವಯಸ್ಸಾದಂತೆ ಅದರ ಒಳಭಾಗ ಹಿಗ್ಗಿ ನಾಳವನ್ನು ಒತ್ತುತ್ತದೆ. ಇದನ್ನು ವೈದ್ಯರು ಬಿಪಿಎಚ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ತಿರುಗುವುದೂ ಇಲ್ಲ. ಆದರೆ ಗ್ರಂಥಿಯ ಹೊರಭಾಗದಲ್ಲಿ ಹೆಚ್ಚಾಗಿ ಹುಟ್ಟುವ ಕ್ಯಾನ್ಸರು ಇದರ ಜೊತೆಗೇ ಇರಬಹುದಾದ್ದರಿಂದ ಪರೀಕ್ಷೆಯನ್ನು ಬಿಡುವಂತಿಲ್ಲ.

ಮೊದಲು ಮಾಡಬೇಕಾದದ್ದು ಕಾಯಬಾರದ ಲಕ್ಷಣಗಳನ್ನು ಗುರುತಿಸುವುದು. ಹೊಟ್ಟೆಯ ಕೆಳಭಾಗ ಬಿಗಿದು, ಎಷ್ಟು ಮುಕ್ಕಿದರೂ ಹನಿಯೂ ಬಾರದ ಸ್ಥಿತಿಯನ್ನು ಊರಿನವರು ಉಚ್ಚಿ ಕಟ್ಟಿತೆನ್ನುತ್ತಾರೆ. ಆಗ ಮನೆಯಲ್ಲಿ ಬಾರ್ಲಿ ನೀರು, ಎಳನೀರು ಕುಡಿಸುವುದು ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂತೆ. ತಡಮಾಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ಕ್ಯಾಥೆಟರ್ ಎಂಬ ತೆಳು ನಳಿಕೆ ಹಾಕಿಸಿದರೆ ನಿಮಿಷಗಳಲ್ಲಿ ನೋವು ಇಳಿಯುತ್ತದೆ. ನೆಗಡಿಗೆಂದು ಅಂಗಡಿಯಿಂದ ತಂದು ನುಂಗುವ ಕೆಲವು ಮಾತ್ರೆಗಳೂ ಹೀಗೆ ಮೂತ್ರ ಕಟ್ಟಿಸಬಲ್ಲವು. ಮೂತ್ರದಲ್ಲಿ ರಕ್ತ, ಚಳಿಜ್ವರ, ಬೆನ್ನುಮೂಳೆಯಲ್ಲಿ ಬಿಡದ ನೋವು ಇವುಗಳಿಗೂ ಅದೇ ದಿನ ವೈದ್ಯರ ಭೇಟಿ ಅಗತ್ಯ. ಕುಷ್ಟಗಿ, ಯಲಬುರ್ಗಾ ಭಾಗದ ಫ್ಲೋರೈಡ್‌ಯುಕ್ತ ಕೊಳವೆಬಾವಿ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಬೆನ್ನು ಸೆಟೆದು, ಕಾಲು ಸೋಲುತ್ತ, ಜೊತೆಗೆ ಮೂತ್ರದ ಹಿಡಿತವೂ ತಪ್ಪಿದರೆ ದೋಷ ಪ್ರಾಸ್ಟೇಟಿನಲ್ಲಲ್ಲ, ಬೆನ್ನುಹುರಿಯ ಮೇಲಿನ ಒತ್ತಡದಲ್ಲಿರಬಹುದು.

ತುರ್ತಿಲ್ಲದವರು ವೈದ್ಯರ ಬಳಿಗೆ ಹೋಗುವ ಮುನ್ನ ಮೂರು ದಿನ ಮೂತ್ರದ ಲೆಕ್ಕ ಬರೆದಿಡುವುದು ಬಹಳ ಉಪಯುಕ್ತ. ಇದು ಪುಕ್ಕಟೆಯ ಪರೀಕ್ಷೆ, ಆದರೂ ಮಾಡುವವರು ಕಡಿಮೆ. ಮಿಲಿಲೀಟರ್ ಗೆರೆಗಳಿರುವ ಒಂದು ಪ್ಲಾಸ್ಟಿಕ್ ಜಗ್ಗು, ಮೊಮ್ಮಕ್ಕಳ ಹಳೆಯ ನೋಟುಬುಕ್ಕು ಇದ್ದರೆ ಸಾಕು. ಪ್ರತಿ ಸಲದ ವೇಳೆ, ಹೋದ ಪ್ರಮಾಣ, ಕುಡಿದ ನೀರು ಮತ್ತು ಚಹಾ ಇಷ್ಟನ್ನು ಬರೆಯಬೇಕು. ರಾತ್ರಿ ನಾಲ್ಕು ಸಲ ಎದ್ದು ಪ್ರತಿ ಸಲವೂ 80 ಮಿಲಿಲೀಟರ್ ಮಾತ್ರ ಹೋಗುವವನ ತೊಂದರೆ ಮೂತ್ರಕೋಶದಲ್ಲೋ ಪ್ರಾಸ್ಟೇಟಿನಲ್ಲೋ ಇರುವ ಸಂಭವ ಹೆಚ್ಚು. ಅಷ್ಟೇ ಸಲ ಎದ್ದು ಪ್ರತಿ ಸಲ 300 ಮಿಲಿಲೀಟರ್ ಹೋಗುವವನಲ್ಲಿ ದೇಹವೇ ರಾತ್ರಿ ಹೆಚ್ಚು ಮೂತ್ರ ತಯಾರಿಸುತ್ತಿರುತ್ತದೆ. ಇದರ ಹಿಂದೆ ಸಕ್ಕರೆ ಕಾಯಿಲೆ, ಹೃದಯದ ದೌರ್ಬಲ್ಯ, ಸಂಜೆಗೆ ಬಾವು ಬರುವ ಕಾಲು ಅಥವಾ ಮಲಗುವ ಮುನ್ನ ಕುಡಿದ ಚಹಾ ಇರಬಹುದು. ಇಂಥವನಿಗೆ ಪ್ರಾಸ್ಟೇಟಿನ ಮಾತ್ರೆ ಕೊಟ್ಟರೂ ನಿದ್ದೆ ಮರಳುವುದಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಏಳು ಪ್ರಶ್ನೆಗಳ ಅಂಕಪಟ್ಟಿಯನ್ನು ಬಳಸುತ್ತಾರೆ. ಒಟ್ಟು 35 ಅಂಕಗಳಲ್ಲಿ 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20 ಮುಟ್ಟಿದರೆ ತೀವ್ರ. ಜೊತೆಗೆ ಗುದದ್ವಾರದ ಮೂಲಕ ಬೆರಳಿನ ಪರೀಕ್ಷೆ, ಮೂತ್ರ ಮತ್ತು ಸಕ್ಕರೆಯ ತಪಾಸಣೆ, ಮೂತ್ರ ಮಾಡಿದ ಬಳಿಕ ಒಳಗೆ ಎಷ್ಟು ಉಳಿದಿದೆಯೆಂದು ನೋಡುವ ಸ್ಕ್ಯಾನಿಂಗ್, ಪ್ರಾಸ್ಟೇಟ್ ಸ್ರವಿಸುವ ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಪಿಎಸ್‌ಎ ಪರೀಕ್ಷೆ ನಡೆಯುತ್ತವೆ. ಬೆರಳಿನ ಪರೀಕ್ಷೆಗೆ ನಾಚಿ ವರ್ಷಗಟ್ಟಲೆ ಮುಂದೂಡುವವರುಂಟು. ಅದು ಮುಗಿಯುವುದಕ್ಕೆ ಅರ್ಧ ನಿಮಿಷವೂ ಬೇಡ. ಪಿಎಸ್‌ಎ ಏರಿದ ಮಾತ್ರಕ್ಕೆ ಕ್ಯಾನ್ಸರೆಂದು ಎದೆ ಒಡೆದುಕೊಳ್ಳಬೇಕಾಗಿಲ್ಲ, ಸೋಂಕು ಅಥವಾ ಮೂತ್ರ ಕಟ್ಟಿದ್ದರಿಂದಲೂ ಅದು ಏರುತ್ತದೆ.

ಇನ್ನು ನಾಟಿ ಔಷಧಿಯ ವಿಚಾರ. ಸುಶ್ರುತ ಸಂಹಿತೆಯ ಉತ್ತರತಂತ್ರವು ಮೂತ್ರ ಕಟ್ಟುವ ಬಾಧೆಗಳನ್ನು ಮೂತ್ರಾಘಾತವೆಂದು ಕರೆದು ಹನ್ನೆರಡು ಬಗೆಗಳನ್ನು ಹೇಳುತ್ತದೆ. ಅವುಗಳಲ್ಲಿ ವಾತಾಷ್ಠೀಲಾ ಎಂಬುದು ಮೂತ್ರಕೋಶಕ್ಕೂ ಗುದಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾದ ಗಂಟಿನ ವರ್ಣನೆಯಾದ್ದರಿಂದ, ಹಿಂದಿನವರಿಗೆ ಈ ರೋಗದ ಪರಿಚಯವಿರಲಿಲ್ಲವೆನ್ನಲಾಗದು. ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟು ಹಬ್ಬಿ, ಚಪ್ಪಲಿಯ ಅಡಿಗೆ ಚುಚ್ಚಿಕೊಂಡು ಮನೆಯವರೆಗೂ ಬರುವ ನೆಗ್ಗಿಲು ಮುಳ್ಳು, ಪುನರ್ನವ, ಕುಂಬಳದ ಬೀಜ ಇವುಗಳನ್ನು ಜನ ಇಂದಿಗೂ ಬಳಸುತ್ತಾರೆ. ಇವು ಹಿಗ್ಗಿದ ಗ್ರಂಥಿಯನ್ನು ಕುಗ್ಗಿಸುತ್ತವೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಅಮೆರಿಕದಲ್ಲಿ ಬಹು ಜನಪ್ರಿಯವಾದ ಸಾ ಪಾಲ್ಮೆಟೊ ಎಂಬ ತಾಳೆಜಾತಿಯ ಹಣ್ಣಿನ ಸಾರವೂ 2006 ಮತ್ತು 2011ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ ಹುಸಿಗುಳಿಗೆ ನುಂಗಿದವರಿಗೂ ಅಷ್ಟಿಷ್ಟು ಗುಣ ಕಂಡಿತ್ತು. ಈ ರೋಗ ತಾನಾಗಿಯೇ ಏರಿಳಿಯುತ್ತದೆ, ಆ ಇಳಿತದ ಕೀರ್ತಿ ಆಗ ಕುಡಿಯುತ್ತಿದ್ದ ಕಷಾಯಕ್ಕೆ ಸಲ್ಲುತ್ತದೆ. ಅಂಕ ಸೌಮ್ಯವಾಗಿದ್ದು, ಉಳಿಮೂತ್ರ ಕಡಿಮೆಯಿದ್ದರೆ ಅರ್ಹ ಆಯುರ್ವೇದ ವೈದ್ಯರ ಸಲಹೆಯಂತೆ ಕಷಾಯ ಕುಡಿಯಲಡ್ಡಿಯಿಲ್ಲ, ಆದರೆ ಮೂತ್ರ ಹೆಚ್ಚಿಸುವುದಕ್ಕೇ ಹೆಸರಾದ ನೆಗ್ಗಿಲನ್ನು ರಾತ್ರಿ ಕುಡಿಯುವುದರಲ್ಲಿ ಅರ್ಥವಿಲ್ಲ. ಸಂತೆಯಲ್ಲಿ ಹೆಸರು, ವಿಳಾಸವಿಲ್ಲದೆ ಮಾರುವ ಭಸ್ಮಗಳನ್ನಂತೂ ಮುಟ್ಟಬಾರದು, ಅವುಗಳಲ್ಲಿ ಸೀಸ, ಪಾದರಸ ಇರಬಹುದು.

ಸೌಮ್ಯ ಹಂತದಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ದಿನಚರಿಯ ತಿದ್ದುಪಡಿ. ಹಗಲಿನ ನೀರನ್ನು ಕಡಿತ ಮಾಡದೆ ಸಂಜೆ ಏಳರ ಬಳಿಕ ಮಾತ್ರ ಕಡಿಮೆ ಮಾಡುವುದು, ಒಮ್ಮೆ ಮೂತ್ರ ಮಾಡಿ ಎರಡು ನಿಮಿಷ ತಡೆದು ಮತ್ತೊಮ್ಮೆ ಪ್ರಯತ್ನಿಸುವುದು, ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು ಇದರಲ್ಲಿ ಸೇರುತ್ತವೆ.

ಇಷ್ಟಕ್ಕೆ ಬಗ್ಗದಿದ್ದರೆ ಮಾತ್ರೆ. ಟ್ಯಾಮ್ಸುಲೋಸಿನ್ ಬಗೆಯವು ನಾಳದ ಬಿಗಿಯನ್ನು ಸಡಿಲಿಸಿ ಕೆಲವೇ ದಿನಗಳಲ್ಲಿ ಫಲ ಕೊಡುತ್ತವೆ. ಎದ್ದು ನಿಂತಾಗ ತಲೆ ಸುತ್ತಬಹುದಾದ್ದರಿಂದ ಹಾಸಿಗೆಯ ಅಂಚಿನಲ್ಲಿ ಒಂದು ಗಳಿಗೆ ಕೂತು ಏಳಬೇಕು, ಕಣ್ಣಿನ ಪೊರೆಯ ಶಿಬಿರಕ್ಕೆ ಹೋಗುವವರು ಇದನ್ನು ನುಂಗುತ್ತಿರುವ ವಿಷಯವನ್ನು ಕಣ್ಣಿನ ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಪಾಪೆಯ ಸುತ್ತಲಿನ ಪರದೆ ಸಡಿಲಗೊಂಡು ಶಸ್ತ್ರಕ್ರಿಯೆ ಕಷ್ಟವಾಗುತ್ತದೆ. ದೊಡ್ಡ ಗ್ರಂಥಿಗೆ ಕೊಡುವ ಫಿನಾಸ್ಟರೈಡ್, ಡುಟಾಸ್ಟರೈಡ್‌ಗಳು ಗ್ರಂಥಿಯನ್ನೇ ಕುಗ್ಗಿಸುತ್ತವೆ, ಆದರೆ ಆರು ತಿಂಗಳಾದರೂ ಬೇಕು. ಇವು ಪಿಎಸ್‌ಎಯನ್ನು ಅರ್ಧಕ್ಕಿಳಿಸುವುದರಿಂದ ವರದಿ ನೋಡುವ ವೈದ್ಯರಿಗೆ ಇದು ತಿಳಿದಿರಬೇಕು.

ಮೇಲಿಂದ ಮೇಲೆ ಮೂತ್ರ ಕಟ್ಟಿದರೆ, ಕೋಶದಲ್ಲಿ ಕಲ್ಲಾದರೆ, ಕಿಡ್ನಿಗೆ ಪೆಟ್ಟು ಬಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯ. ನಾಳದ ಮೂಲಕವೇ ಉಪಕರಣ ಕಳುಹಿಸಿ ಒಳಭಾಗವನ್ನು ಕೆರೆದು ತೆಗೆಯುವ ಟಿಯುಆರ್‌ಪಿ ಎಂಬ ವಿಧಾನದಲ್ಲಿ ಹೊಟ್ಟೆ ಕೊಯ್ಯುವುದಿಲ್ಲ. ಗಿಣಿಗೇರಾದವರಿಗೆ ಮೊದಲ ತಪಾಸಣೆಗೆ ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ, ಮುಂದಿನ ಚಿಕಿತ್ಸೆಗೆ ರೈಲಿನಲ್ಲೇ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ ತಲುಪಬಹುದು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿರುವುದರಿಂದ ಕಾರ್ಡು ಜೊತೆಗಿರಬೇಕು, ರೆಫರಲ್ ಪತ್ರವನ್ನು ಮೊದಲೇ ಕೇಳಿ ಪಡೆಯಬೇಕು. ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ವಾರ ಭತ್ತದ ಚೀಲ ಎತ್ತುವುದು, ಸೈಕಲ್ ತುಳಿಯುವುದು ಬೇಡ. ತೆಗೆದ ಭಾಗ ಪ್ರಯೋಗಾಲಯಕ್ಕೆ ಹೋಯಿತೇ ಎಂದು ವಿಚಾರಿಸಿ ವರದಿ ಇಟ್ಟುಕೊಳ್ಳಬೇಕು. ಗ್ರಂಥಿಯ ಹೊರಭಾಗ ಹಾಗೆಯೇ ಉಳಿದಿರುವುದರಿಂದ ವೈದ್ಯರು ಸೂಚಿಸಿದಾಗ ಪಿಎಸ್‌ಎ ಪರೀಕ್ಷೆಯನ್ನು ಆನಂತರವೂ ಮಾಡಿಸಬೇಕು.