ಇಂದಿನ ಧಮ್ಮ ಚಿಂತನೆ: ದನ ಕಾಯುವವನ ವಿಶ್ರಾಂತಿ



ಫ್ರೆಂಚ್ ಕಲಾವಿದ ಕ್ಲೋದ್ ಲೊರೇನ್ 1636ರಲ್ಲಿ ತಾಮ್ರದ ತಗಡಿನಲ್ಲಿ ಗೀರಿ, ಆಮ್ಲದಿಂದ ಕೊರೆದು ಅಚ್ಚು ಹಾಕಿದ ಚಿತ್ರ 'ದನಗಾಹಿ'. ದನಗಳು ನೀರಿಗಿಳಿದಿವೆ, ಕಾಯುವವನು ಕೊಳಲೂದುತ್ತ ಕುಳಿತಿದ್ದಾನೆ. ಆ ದನ ಯಾರವು, ಅವನ ಕೂಲಿ ಎಷ್ಟು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ಗೌರಸಮುದ್ರದ ಬಯಲಲ್ಲಿ ಮಧ್ಯಾಹ್ನ ಮಂದೆ ಮರದ ನೆರಳಿಗೆ ನಿಂತಾಗಲೂ ದೂರದಿಂದ ಇಷ್ಟೇ ಚೆಂದ. ಆದರೆ ನಮ್ಮ ಹಿರಿಯರಲ್ಲಿ ಎಷ್ಟೋ ಜನ ಹಾಗೆ ನೆರಳಲ್ಲಿ ಕೂತದ್ದು ಒಡೆಯನ ದನದ ಜೊತೆ, ಜೀತಕ್ಕೆ. ಜೀತ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ.

ಸುತ್ತನಿಪಾತದ ಧನಿಯ ಸುತ್ತದಲ್ಲಿ ಮಹೀ ನದಿ ದಡದ ಗೋಪಾಲಕ ಧನಿಯ ನೆಮ್ಮದಿಯಾಗಿದ್ದಾನೆ. ಗುಡಿಸಲು ಭದ್ರ, ಬದುಕು ಸ್ವಂತ ದುಡಿಮೆಯದು. ಭಗವಾನರು ಇನ್ನೊಂದು ಹೆಜ್ಜೆ ಮುಂದಿಡುತ್ತಾರೆ. ತಾವು ಯಾರ ಆಳೂ ಅಲ್ಲ, ಕೋಪವನ್ನೂ ಬಿಟ್ಟವರು ಎನ್ನುತ್ತಾರೆ.

ಆಳಿಗೆ ಸಿಗುವುದು ದಣಿವಾರಿಸಿಕೊಳ್ಳುವ ಹೊತ್ತು ಮಾತ್ರ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ತೋರಿದ ದಾರಿ, ಯಾರ ಆಳೂ ಆಗದೆ ಬದುಕುವ ದಾರಿ.

ಇಂದು ಸಂಜೆ ಮನೆಯ ಹಿರಿಯರನ್ನು ಕೇಳಿ, ಚಿಕ್ಕಂದಿನಲ್ಲಿ ಯಾರ ದನ ಕಾಯುತ್ತಿದ್ದಿರಿ ಎಂದು. ಮಕ್ಕಳೂ ಪಕ್ಕದಲ್ಲಿ ಕೂತು ಕೇಳಲಿ.

ಭವತು ಸಬ್ಬ ಮಂಗಲಂ.