ಮೀನುಮರಿಗಳ ಆಯ್ಕೆಯೂ ಪಾಲನೆಯೂ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯಲ್ಲಿ ಕೆರೆಕುಂಟೆಗಳಿಗೆ ಮೀನುಮರಿಗಳನ್ನು ಬಿಡುವ ಪದ್ಧತಿಯುಂಟು. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯೂ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯೂ ಈ ಕೆಲಸಕ್ಕೆ ಅನುಕೂಲವನ್ನು ಒದಗಿಸಿವೆ. ಆದರೆ ಮರಿಗಳನ್ನು ಆರಿಸುವಾಗಲೂ ನೀರಿಗೆ ಬಿಡುವಾಗಲೂ ಎಚ್ಚರ ತಪ್ಪಿದರೆ ಹಾಕಿದ ಹಣವೂ ಆ ವರ್ಷದ ನೀರೂ ಒಂದೇ ದಿನದಲ್ಲಿ ವ್ಯರ್ಥವಾಗುವುವು. ಆದುದರಿಂದ ಗ್ರಾಮದ ಮುಖಂಡರೂ ಭೂಮಾಲಿಕರೂ ಈ ಕೆಳಗಿನ ಸಂಗತಿಗಳನ್ನು ಮನಸ್ಸಿನಲ್ಲಿಡತಕ್ಕದ್ದು.

ಜಾತಿ: ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಜಾತಿಗಳು ಒಟ್ಟಿಗೆ ಸಾಕಲು ತಕ್ಕವು. ಕಾಟ್ಲಾ ನೀರಿನ ಮೇಲ್ಭಾಗದಲ್ಲಿಯೂ, ರೋಹು ನಡುವೆಯೂ, ಮೃಗಾಲ್ ತಳದಲ್ಲಿಯೂ ಮೇಯುವುದರಿಂದ ಒಂದರ ಆಹಾರಕ್ಕೆ ಮತ್ತೊಂದು ಹೆಚ್ಚಾಗಿ ಅಡ್ಡಿಯಾಗದು. ಇವು ಪ್ರವಾಹದಲ್ಲಿ ಮೊಟ್ಟೆಯಿಡುವ ಮೀನುಗಳಾದ್ದರಿಂದ ಹಿಂದೆ ಮರಿಗಳನ್ನು ನದಿಯಿಂದಲೇ ಹಿಡಿಯಬೇಕಾಗಿತ್ತು. ಅವುಗಳೊಡನೆ ಹಿಂಸ್ರ ಜಾತಿಯ ಮರಿಗಳೂ ಬೆರೆಯುತ್ತಿದ್ದುವು. 1957ನೆಯ ಇಸವಿ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಚುಚ್ಚುಮದ್ದಿನಿಂದ ಮೊಟ್ಟೆಯಿಡಿಸುವ ಕ್ರಮವನ್ನು ಸಾಧಿಸಿದಂದಿನಿಂದ ಶುದ್ಧಜಾತಿಯ ಮರಿಗಳು ಸಾಕಣೆಕೇಂದ್ರಗಳಲ್ಲಿಯೇ ದೊರೆಯುವಂತಾಯಿತು. ಆಫ್ರಿಕದ ಬೆಕ್ಕುಮೀನನ್ನು ಮಾತ್ರ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ತರಕೂಡದು. ಅದು ಇತರ ಮೀನುಗಳನ್ನು ನುಂಗುವುದು. ಅದರ ಸಾಕಣೆಯನ್ನು ಸರಕಾರವು ನಿಷೇಧಿಸಿದೆ.

ಆಯ್ಕೆ: ಕೂದಲೆಳೆಯಂಥ ಮರಿಗಳನ್ನು ಲಕ್ಷಗಟ್ಟಲೆ ಕೊಳ್ಳುವುದಕ್ಕಿಂತ ಮೂರು ನಾಲ್ಕು ಅಂಗುಲ ಬೆಳೆದವನ್ನು ಕೆಲವು ಸಾವಿರ ಕೊಳ್ಳುವುದು ಲೇಸು. ನಾಲ್ಕಾರು ಮರಿಗಳನ್ನು ಬೋಗುಣಿಯ ನೀರಿನಲ್ಲಿ ಬಿಟ್ಟು ನೀರನ್ನು ಕೈಯಿಂದ ಸುತ್ತಿಸಿರಿ. ಆರೋಗ್ಯವುಳ್ಳವು ಸುಳಿಗೆ ಎದುರಾಗಿ ಈಜುವುವು. ನಿತ್ರಾಣವಾದವು ನಡುವೆ ಕೂಡಿಕೊಳ್ಳುವುವು. ಮೈಮೇಲೆ ಹುಣ್ಣು, ಬಿಳಿಯ ಎಳೆ, ಉದುರಿದ ಹುರುಪೆ ಕಂಡರೆ ಬೇಡವೆನ್ನಿರಿ.

ಬಿಡುವ ಕ್ರಮ: ಮುಂಜಾನೆ ಅಥವಾ ಸಂಜೆಯ ತಂಪಿನಲ್ಲಿ ಬಿಡತಕ್ಕದ್ದು. ಮರಿಗಳ ಚೀಲವನ್ನು ಬಾಯಿ ಬಿಚ್ಚದೆ ಕುಂಟೆಯ ನೀರಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ತೇಲಿಸಿ, ಅನಂತರ ಕುಂಟೆಯ ನೀರನ್ನು ಸ್ವಲ್ಪಸ್ವಲ್ಪವಾಗಿ ಅದರೊಳಗೆ ಬೆರೆಸಿ, ಮರಿಗಳು ತಾವಾಗಿಯೇ ಹೊರಬರುವಂತೆ ಚೀಲವನ್ನು ಓರೆಯಾಗಿ ಹಿಡಿಯಿರಿ. ಒಮ್ಮೆಲೇ ಸುರಿದರೆ ನೀರಿನ ಶಾಖದ ವ್ಯತ್ಯಾಸದಿಂದಲೇ ಮರಿಗಳು ಸಾಯುವುವು.

ಸಂಖ್ಯೆ, ಆಹಾರ: ಎಕರೆಯೊಂದಕ್ಕೆ 2,000 ಮರಿಗಳು ಸಾಕು, ಕಾಟ್ಲಾ 800, ರೋಹು 600, ಮೃಗಾಲ್ 600. ಅಕ್ಕಿಯ ತೌಡನ್ನೂ ಶೇಂಗಾ ಹಿಂಡಿಯನ್ನೂ ಸಮಭಾಗ ಬೆರೆಸಿ, ದಿನವೂ ಒಂದೇ ಹೊತ್ತಿಗೆ ಒಂದೇ ಸ್ಥಳದಲ್ಲಿ ಇಡಿರಿ. ತಿನ್ನದೆ ಉಳಿದ ಆಹಾರವು ಕೊಳೆತು ನೀರನ್ನು ಕೆಡಿಸುವುದು.

ಎಚ್ಚರಿಕೆ: ಬೆಳಗಿನ ಜಾವದಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಪ್ರಾಣವಾಯು ಕಡಮೆಯಾಗಿದೆಯೆಂದು ತಿಳಿಯಬೇಕು. ಕೂಡಲೆ ಆಹಾರವನ್ನೂ ಗೊಬ್ಬರವನ್ನೂ ನಿಲ್ಲಿಸಿ ಹೊಸ ನೀರನ್ನು ಹಾಯಿಸಿರಿ. ಹತ್ತಿ, ಭತ್ತದ ಹೊಲಗಳಿಗೆ ಕೀಟನಾಶಕ ಹೊಡೆದ ಮೇಲೆ ಅಲ್ಲಿಂದ ಹರಿದ ನೀರು ಕುಂಟೆಗೆ ಸೇರದಂತೆ ಒಡ್ಡು ಕಟ್ಟಿರಿ. ನಮ್ಮಲ್ಲಿ ಬೇಸಗೆಯ ಬಿಸಿಲು 40 ಡಿಗ್ರಿಯನ್ನು ಮೀರುವುದು, ಕಾಲುವೆಯೂ ನಿಲ್ಲುವುದು. ನೀರು ಮೊಳಕಾಲುದ್ದಕ್ಕೆ ಇಳಿಯುವ ತನಕ ಕಾಯದೆ, ಅದಕ್ಕೆ ಮುಂಚೆಯೇ ದೊಡ್ಡ ಮೀನುಗಳನ್ನು ಹಿಡಿದು ಮಾರುವುದೇ ಜಾಣತನ.